ಓದುಗರ ಪ್ರಶ್ನೆ, ತಜ್ಞರ ಉತ್ತರ: ಮನೆಯವರು ಪ್ರವಾಸ ಹೋದಾಗ ಬೆಟ್ಟಾ ಮೀನಿನ ಆರೈಕೆ

ರಜೆಯ ದಿನಗಳು ಹತ್ತಿರವಾಗುತ್ತಿದ್ದಂತೆ ಸಾಕುಮೀನುಗಳ ಬಗ್ಗೆ ಬರುವ ಪತ್ರಗಳು ಹೆಚ್ಚುತ್ತವೆ. ಈ ಬಾರಿ ಬಂದವುಗಳಲ್ಲಿ ಬಹುಪಾಲು ಬೆಟ್ಟಾ ಮೀನಿಗೆ, ಅಂದರೆ ಸಾಮಾನ್ಯವಾಗಿ ನಾವು ಫೈಟರ್ ಎಂದು ಕರೆಯುವ ಮೀನಿಗೆ, ಸಂಬಂಧಿಸಿದವು. ಒಂದೇ ರೀತಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಮನೆಮಂದಿಯೆಲ್ಲ ಆರು ದಿನಗಳ ಪ್ರವಾಸಕ್ಕೆ ಹೊರಟಿದ್ದೇವೆ. ನಮ್ಮ ಬೆಟ್ಟಾ ಮೀನು ಇಪ್ಪತ್ತು ಲೀಟರ್ ನೀರಿನ ತೊಟ್ಟಿಯಲ್ಲಿದೆ, ಸ್ಪಾಂಜ್ ಫಿಲ್ಟರ್ ಇದೆ. ದಿನಕ್ಕೆ ಎರಡು ಹೊತ್ತು ಕಾಳು ಹಾಕುವ ಅಭ್ಯಾಸ. ಆರು ದಿನ ಆಹಾರವಿಲ್ಲದೆ ಅದು ಬದುಕೀತೇ? ಹೊರಡುವ ದಿನ ಸ್ವಲ್ಪ ಹೆಚ್ಚು ಹಾಕಿ ಹೋದರೆ ಸಾಕಾಗುವುದೇ?

ಉತ್ತರ: ನಿಮ್ಮ ಮೀನು ಆರೋಗ್ಯವಾಗಿದ್ದು, ಪೂರ್ಣ ಬೆಳೆದದ್ದಾಗಿದ್ದರೆ, ಆರು ದಿನದ ಉಪವಾಸದಿಂದ ಅದಕ್ಕೆ ಪ್ರಾಣಾಪಾಯವಿಲ್ಲ. ಮೀನುಗಳು ತಮ್ಮ ದೇಹದ ಉಷ್ಣತೆಯನ್ನು ನಮ್ಮಂತೆ ಒಳಗಿನಿಂದ ಕಾಯ್ದುಕೊಳ್ಳುವುದಿಲ್ಲ. ಸುತ್ತಲಿನ ನೀರಿನ ಉಷ್ಣತೆಯೇ ಅವುಗಳ ಉಷ್ಣತೆ. ಹೀಗಾಗಿ ಅದೇ ತೂಕದ ಹಕ್ಕಿಗೋ ಇಲಿಗೋ ಬೇಕಾಗುವ ಆಹಾರದ ಸಣ್ಣದೊಂದು ಪಾಲು ಅವುಗಳಿಗೆ ಸಾಕು. ಬೆಟ್ಟಾ ಮೀನಿನ ಮೂಲ ನೆಲೆ ಥಾಯ್ಲೆಂಡ್ ಮತ್ತು ಅದರ ಸುತ್ತಲಿನ ನಾಡುಗಳ ಗದ್ದೆ, ಜೌಗು ಹಾಗೂ ನಿಧಾನವಾಗಿ ಹರಿಯುವ ಕಾಲುವೆಗಳು. ಅಲ್ಲಿ ಅದು ನೀರಿಗೆ ಬೀಳುವ ಹುಳುಗಳನ್ನೂ ಸೊಳ್ಳೆಯ ಮರಿಗಳನ್ನೂ ಹಿಡಿದು ತಿನ್ನುತ್ತದೆ. ಹೊತ್ತು ಹೊತ್ತಿಗೆ ಊಟ ಸಿಗುವ ಭರವಸೆ ಅದಕ್ಕಿಲ್ಲ. ನಾಲ್ಕೈದು ದಿನ ಆಹಾರವಿಲ್ಲದಿದ್ದರೆ ಯಾವ ಚಿಂತೆಯೂ ಬೇಡ, ಒಂದು ವಾರದವರೆಗೂ ಅದು ತಾಳಿಕೊಳ್ಳುತ್ತದೆ, ಅದಕ್ಕೂ ಮೀರಿದರೆ ಬೇರೆ ವ್ಯವಸ್ಥೆ ಮಾಡುವುದು ಒಳ್ಳೆಯದು ಎಂಬುದು ನನ್ನ ಲೆಕ್ಕಾಚಾರ.

ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಯಜಮಾನರು ಮನೆಯಲ್ಲಿಲ್ಲದಾಗ ಸಾಯುವ ಬೆಟ್ಟಾ ಮೀನುಗಳಲ್ಲಿ ಹಸಿವಿನಿಂದ ಸಾಯುವವು ವಿರಳ. ಹೆಚ್ಚಾಗಿ ಅವು ಸಾಯುವುದು ಕೆಟ್ಟ ನೀರಿನಿಂದ, ಮತ್ತು ನೀರು ಕೆಡುವುದು ತಿನ್ನದೆ ಉಳಿದ ಆಹಾರದಿಂದ. ಹೊರಡುವ ಗಡಿಬಿಡಿಯಲ್ಲಿ ಮಮತೆಯಿಂದ ಒಂದು ಚಿಟಿಕೆ ಹೆಚ್ಚು ಹಾಕಿದ ಕಾಳುಗಳ ಗತಿ ಏನಾಗುತ್ತದೆ ಎಂದು ನೋಡಿ. ಮೀನು ಎರಡು ಮೂರು ಕಾಳು ನುಂಗಿ ಸುಮ್ಮನಾಗುತ್ತದೆ. ಉಳಿದವು ಕೆಲ ಹೊತ್ತು ತೇಲಿ, ನೀರು ಹೀರಿಕೊಂಡು ಉಬ್ಬಿ, ತಳಕ್ಕಿಳಿದು ಕಲ್ಲುಗಳ ಸಂದಿನಲ್ಲಿ ಸೇರಿಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಅವುಗಳ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಹತ್ತುತ್ತದೆ, ನೀರಿನ ಮೇಲೆ ತೆಳುವಾದ ಜಿಡ್ಡಿನ ಪದರ ಕಾಣಿಸುತ್ತದೆ, ಆಮೇಲೆ ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಕೊಳೆಯುವ ಆಹಾರದಿಂದ ಹೊರಡುವ ಅಮೋನಿಯ ಮೀನಿನ ಕಿವಿರುಗಳನ್ನು ಸುಡುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ ನಿಜ; ಆದರೆ ಅವುಗಳ ಸಂಖ್ಯೆ ದಿನನಿತ್ಯದ ಕಸಕ್ಕೆ ತಕ್ಕಷ್ಟೇ ಇರುತ್ತದೆ. ಒಮ್ಮೆಲೇ ನಾಲ್ಕು ಪಟ್ಟು ಕಸ ಬಿದ್ದರೆ ಅವುಗಳಿಂದ ನಿಭಾಯಿಸಲಾಗದು. ನೀರು ಬೆಚ್ಚಗಿದ್ದಷ್ಟೂ ಕ್ಷಾರೀಯವಾದಷ್ಟೂ ಅಮೋನಿಯದ ವಿಷ ಹೆಚ್ಚು ಎಂಬುದನ್ನೂ ಮರೆಯಬಾರದು. ಬೆಟ್ಟಾ ಮೀನಿಗೆ ಬೆಚ್ಚಗಿನ ನೀರೇ ಬೇಕು.

ಆದ್ದರಿಂದ ಹೊರಡುವ ಮುನ್ನ ಗಮನ ಕೊಡಬೇಕಾದದ್ದು ನೀರಿಗೆ. ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಕಾಲು ಭಾಗದಷ್ಟು ನೀರನ್ನು ಬದಲಾಯಿಸಿ, ತಳದಲ್ಲಿರುವ ಕಸವನ್ನು ಕೊಳವೆಯಿಂದ ಹೀರಿ ತೆಗೆಯಿರಿ. ಹೊಸ ನೀರು ಹಳೆಯ ನೀರಿನಷ್ಟೇ ಬೆಚ್ಚಗಿರಲಿ ಮತ್ತು ಅದರ ಕ್ಲೋರಿನ್ ತೆಗೆದಿರಲಿ. ಒಂದು ದಿನ ತೆರೆದಿಟ್ಟ ನೀರಿನಿಂದ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ. ಆದರೆ ನೀರು ಸರಬರಾಜು ಮಾಡುವವರು ಕ್ಲೋರಮೈನ್ ಬಳಸುತ್ತಿದ್ದರೆ ಅದು ಹಾಗೆ ಹೋಗುವುದಿಲ್ಲ, ಅದಕ್ಕೆಂದೇ ಸಿಗುವ ದ್ರಾವಣವನ್ನು ಹಾಕಬೇಕಾಗುತ್ತದೆ. ಇದೇ ಸಮಯದಲ್ಲಿ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಉತ್ಸಾಹ ಬೇಡ. ಹಾಗೆ ತೊಳೆದರೆ ನೀವಿಲ್ಲದ ಆರು ದಿನ ನೀರನ್ನು ಕಾಯಬೇಕಾದ ಬ್ಯಾಕ್ಟೀರಿಯಗಳನ್ನೇ ತೊಳೆದು ಹಾಕಿದಂತಾಗುತ್ತದೆ. ಹೊಸ ಮೀನು, ಬಸವನಹುಳು, ಹೊಸ ಗಿಡ ಇವನ್ನೂ ಹೊರಡುವ ವಾರದಲ್ಲಿ ತರಬೇಡಿ. ಅವುಗಳೊಂದಿಗೆ ಬಂದ ರೋಗ ಕಾಣಿಸಿಕೊಳ್ಳುವಾಗ ನೋಡುವವರು ಯಾರೂ ಇರುವುದಿಲ್ಲ. ಹೊರಡುವ ದಿನದ ಊಟ ಎಂದಿನಷ್ಟೇ ಇರಲಿ, ಮತ್ತು ಹಾಕಿದ್ದೆಲ್ಲ ತಿಂದು ಮುಗಿಯಿತೇ ಎಂದು ಒಮ್ಮೆ ಬಗ್ಗಿ ನೋಡಿ.

ಪ್ರಶ್ನೆ: ನಾವು ಹನ್ನೆರಡು ದಿನ ಇರುವುದಿಲ್ಲ. ಪಕ್ಕದ ಮನೆಯವರು ಮೀನನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಅವರು ಮೀನು ಸಾಕಿದವರಲ್ಲ. ಅವರಿಗೆ ಏನೇನು ಹೇಳಿಕೊಡಬೇಕು?

ಉತ್ತರ: ನಿಮಗೆ ಒಳ್ಳೆಯ ನೆರೆಯವರು ಸಿಕ್ಕಿದ್ದಾರೆ; ಹನ್ನೆರಡು ದಿನಕ್ಕೆ ಯಾವ ಯಂತ್ರಕ್ಕಿಂತಲೂ ಇದೇ ಲೇಸು. ಆದರೆ ಮೀನು ಸಾಕಿ ಗೊತ್ತಿಲ್ಲದವರ ಕೈಯಲ್ಲಿ ಆಹಾರದ ಡಬ್ಬಿಯನ್ನೇ ಕೊಟ್ಟುಬಿಡಬೇಡಿ. ಬೆಟ್ಟಾ ಮೀನು ಮನುಷ್ಯರನ್ನು ಕಂಡ ಕೂಡಲೇ ಗಾಜಿನ ಬಳಿಗೆ ಬಂದು, ಮೈ ಬಳುಕಿಸುತ್ತ, ನೀರಿನ ಮೇಲ್ಗಡೆಗೆ ಮೂತಿ ಚಾಚುತ್ತದೆ. ಹೊಟ್ಟೆ ತುಂಬಿದ್ದರೂ ಹಾಗೆಯೇ ಮಾಡುತ್ತದೆ. ನೋಡಿದವರಿಗೆ ಪಾಪ, ಇದಕ್ಕೆ ಇನ್ನೂ ಹಸಿವು ಎನಿಸುವುದು ಸಹಜ, ಕೈ ತಾನಾಗಿಯೇ ಇನ್ನೊಂದು ಚಿಟಿಕೆ ಹಾಕುತ್ತದೆ. ಇದು ಅವರ ತಪ್ಪಲ್ಲ. ಅಂಥ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಗುಳಿಗೆಗಳನ್ನು ದಿನಕ್ಕೊಂದು ಅಂಕಣದಲ್ಲಿ ಹಾಕಿಡುವ ಪುಟ್ಟ ಪೆಟ್ಟಿಗೆಗಳು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಅಂಥದೊಂದರಲ್ಲಿ ಒಂದೊಂದು ಅಂಕಣಕ್ಕೆ ಮೂರು ನಾಲ್ಕು ಕಾಳಿನಂತೆ ಎಣಿಸಿ ಹಾಕಿ, ಮೂಲ ಡಬ್ಬಿಯನ್ನು ಅವರ ಕಣ್ಣಿಗೆ ಬೀಳದಂತೆ ಒಳಗಿಡಿ. ಪ್ರತಿದಿನ ಹಾಕಬೇಕೆಂದೇನೂ ಇಲ್ಲ; ದಿನ ಬಿಟ್ಟು ದಿನ ಹಾಕಿದರೆ ಮೀನಿಗೂ ಒಳ್ಳೆಯದು, ನೆರೆಯವರಿಗೂ ಸುಲಭ. ಅವರು ಒಂದು ದಿನ ಮರೆತರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ಹಾಕಬಾರದು ಎಂಬುದನ್ನು ಒತ್ತಿ ಹೇಳಿ. ಮೀನಿನ ಹೊಟ್ಟೆಯ ಗಾತ್ರ ಹೆಚ್ಚೂಕಡಿಮೆ ಅದರ ಕಣ್ಣಿನಷ್ಟೇ ಎಂದು ಹೇಳುವ ವಾಡಿಕೆಯುಂಟು. ಅದು ಅಳತೆಗೋಲಲ್ಲವಾದರೂ, ಹೊಸಬರಿಗೆ ಮೂರು ಕಾಳು ಏಕೆ ಸಾಕು ಎಂಬುದನ್ನು ಮನಗಾಣಿಸಲು ಉಪಯೋಗಕ್ಕೆ ಬರುತ್ತದೆ.

ಹೊರಡುವ ಮುನ್ನ ಒಮ್ಮೆ ಅವರನ್ನು ಕರೆದು, ನಿಮ್ಮ ಎದುರಿಗೇ ಅವರಿಂದ ಮೀನಿಗೆ ಆಹಾರ ಹಾಕಿಸಿ. ಆಗಲೇ ಒಂದೆರಡು ವಿಷಯಗಳನ್ನು ತೋರಿಸಿ. ಬೆಟ್ಟಾ ಮೀನು ಕಿವಿರಿನಿಂದಷ್ಟೇ ಅಲ್ಲದೆ, ತಲೆಯಲ್ಲಿರುವ ಲ್ಯಾಬಿರಿಂತ್ ಎಂಬ ಅಂಗದ ಮೂಲಕ ನೇರವಾಗಿ ಗಾಳಿಯನ್ನೂ ಉಸಿರಾಡುತ್ತದೆ. ಅದು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುವುದು ಕಾಯಿಲೆಯ ಲಕ್ಷಣವಲ್ಲ. ಗಂಡು ಮೀನು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟುವುದೂ ಸಹಜವೇ, ಅದನ್ನು ನೊರೆಯೆಂದು ತಿಳಿದು ತೆಗೆಯಬೇಕಿಲ್ಲ. ಹಾಗಲ್ಲದೆ ಮೀನು ತಳದಲ್ಲಿ ಒಂದೇ ಕಡೆ ಬಿದ್ದಿದ್ದರೆ, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದ್ದರೆ, ಹೊಟ್ಟೆ ಊದಿ ಹುರುಪೆಗಳು ಹೊರಕ್ಕೆ ಕೆದರಿ ನಿಂತಿದ್ದರೆ, ನೀರು ಮಬ್ಬಾಗಿದ್ದರೆ ಅಥವಾ ನಾರುತ್ತಿದ್ದರೆ, ಆಹಾರ ನಿಲ್ಲಿಸಿ ಚಿತ್ರ ತೆಗೆದು ನಿಮಗೆ ಕಳುಹಿಸಲಿ. ಆರೋಗ್ಯವಾಗಿರುವಾಗಿನ ಮೀನಿನ ಒಂದು ಚಿತ್ರವನ್ನೂ ಅವರಿಗೆ ಮೊದಲೇ ಕೊಟ್ಟಿದ್ದರೆ ಹೋಲಿಸಿ ನೋಡಲು ಅನುಕೂಲ.

ನೀರು ಬದಲಾಯಿಸುವ ಕೆಲಸವನ್ನು ಅವರಿಗೆ ಒಪ್ಪಿಸಬೇಡಿ. ಆವಿಯಾಗಿ ನೀರು ಕಡಿಮೆಯಾದರೆ ಸುರಿಯಲು, ಕ್ಲೋರಿನ್ ತೆಗೆದ ನೀರನ್ನು ಬಾಟಲಿಗಳಲ್ಲಿ ತುಂಬಿ ತೊಟ್ಟಿಯ ಪಕ್ಕದಲ್ಲೇ ಇಟ್ಟು ಹೋಗಿ. ಕೋಣೆಯಲ್ಲೇ ಇರುವುದರಿಂದ ಅದು ವಿಪರೀತ ತಣ್ಣಗಾಗಿರುವುದೂ ಇಲ್ಲ. ನೀರಿನ ಮಟ್ಟ ಎಲ್ಲಿಯವರೆಗೆ ಇರಬೇಕೆಂದು ಗಾಜಿನ ಮೇಲೆ ಹೊರಗಡೆಯಿಂದ ಅಂಟುಪಟ್ಟಿ ಹಚ್ಚಿದರೆ ಬೇರೆ ವಿವರಣೆಯೇ ಬೇಡ. ಇನ್ನೊಂದು ಮಾತು: ಅವರು ತೊಟ್ಟಿಯೊಳಗೆ ಕೈ ಹಾಕುವ ಸಂದರ್ಭ ಬಂದರೆ, ಕೈಯಲ್ಲಿ ಸೋಪು, ಲೋಷನ್ ಅಥವಾ ಸ್ಯಾನಿಟೈಸರ್ ಇರಬಾರದು.

ಪ್ರಶ್ನೆ: ಪ್ರವಾಸದ ಸಮಯಕ್ಕೆಂದು ಮಾರುವ ಬಿಳಿಯ ಆಹಾರದ ಗಟ್ಟಿಗಳನ್ನು ನೀರಿನಲ್ಲಿ ಹಾಕಿ ಹೋಗಬಹುದೇ? ಸ್ವಯಂಚಾಲಿತ ಆಹಾರ ಯಂತ್ರ ಹೇಗೆ?

ಉತ್ತರ: ಆ ಬಿಳಿಯ ಗಟ್ಟಿಗಳಲ್ಲಿ ಹೆಚ್ಚಿನವು ಪ್ಲಾಸ್ಟರ್‌ನಂಥ ಕ್ಯಾಲ್ಸಿಯಂ ಪದಾರ್ಥದೊಳಗೆ ಆಹಾರದ ಕಾಳುಗಳನ್ನು ಹುದುಗಿಸಿ ಮಾಡಿದವು. ಅದು ನಿಧಾನವಾಗಿ ಕರಗುತ್ತ ಕಾಳುಗಳು ಹೊರಬರಬೇಕೆಂಬುದು ಅದರ ಉದ್ದೇಶ. ಬೆಟ್ಟಾ ಮೀನಿನ ಮಟ್ಟಿಗೆ ಅವು ಬೇಡವೆಂದೇ ನನ್ನ ಸಲಹೆ. ಮೇಲ್ಮುಖವಾದ ಬಾಯಿಯುಳ್ಳ ಈ ಮೀನು ನೀರಿನ ಮೇಲೆ ತೇಲುವುದನ್ನು, ಚಲಿಸುವುದನ್ನು ಹಿಡಿಯುತ್ತದೆಯೇ ಹೊರತು, ತಳದಲ್ಲಿ ಬಿದ್ದ ಗಟ್ಟಿಯನ್ನು ಕೆರೆದು ತಿನ್ನುವ ಅಭ್ಯಾಸ ಅದಕ್ಕಿಲ್ಲ. ಗಟ್ಟಿ ತನ್ನಷ್ಟಕ್ಕೆ ಕರಗುತ್ತದೆ, ಆಹಾರ ತನ್ನಷ್ಟಕ್ಕೆ ಕೊಳೆಯುತ್ತದೆ. ಜೆಲ್ಲಿ ರೂಪದಲ್ಲಿ ಬರುವವು ನೀರನ್ನು ಕೊಂಚ ಕಡಿಮೆ ಕೆಡಿಸಿದರೂ ಈ ಮೀನು ಅವುಗಳನ್ನು ಮುಟ್ಟುತ್ತದೆಂಬ ಖಾತರಿಯಿಲ್ಲ.

ಸ್ವಯಂಚಾಲಿತ ಯಂತ್ರದ ವಿಷಯ ಬೇರೆ. ಒಂದು ವಾರಕ್ಕಿಂತ ಹೆಚ್ಚು ದಿನ ಹೋಗುವವರಿಗೆ, ನೋಡಿಕೊಳ್ಳುವವರು ಯಾರೂ ಸಿಗದಿದ್ದಾಗ, ಅದು ನಿಜಕ್ಕೂ ಉಪಯುಕ್ತ. ಅದರ ದೌರ್ಬಲ್ಯಗಳು ಎರಡು. ಮೊದಲನೆಯದು, ಈ ಯಂತ್ರಗಳಲ್ಲಿ ಬಹಳಷ್ಟು ದೊಡ್ಡ ತೊಟ್ಟಿಗಳಿಗೆಂದು ಮಾಡಿದವು. ಕಿಂಡಿಯನ್ನು ಎಷ್ಟೇ ಕಿರಿದು ಮಾಡಿದರೂ ಒಂದು ಸುತ್ತಿಗೆ ಹತ್ತು ಹದಿನೈದು ಕಾಳು ಉದುರಿಸುವಂಥವುಗಳಿವೆ. ಎರಡನೆಯದು ತೇವ. ಬೆಚ್ಚಗಿನ ನೀರಿನಿಂದ ಏಳುವ ಆವಿ ಕಿಂಡಿಯ ಬಾಯಲ್ಲಿ ಕೂತು, ಅಲ್ಲಿನ ಕಾಳುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿ, ಮೂರನೆಯ ನಾಲ್ಕನೆಯ ದಿನಕ್ಕೆ ದಾರಿಯೇ ಮುಚ್ಚಿಹೋಗಬಹುದು. ಇಲ್ಲವೇ ಅಂಟಿದ ಮುದ್ದೆ ಒಂದೇ ಸಲಕ್ಕೆ ನೀರಿಗೆ ಬೀಳಬಹುದು. ಹಾಗಾಗಿ ಯಂತ್ರವನ್ನು ಹೊರಡುವ ಹಿಂದಿನ ದಿನ ತರಬೇಡಿ. ಕನಿಷ್ಠ ಒಂದು ವಾರ ಮೊದಲೇ ತಂದು, ನೀವು ಮನೆಯಲ್ಲಿರುವಾಗಲೇ ಅದು ನಡೆಯುವ ರೀತಿಯನ್ನು ಗಮನಿಸಿ. ಮೊದಲು ಒಣ ಕಾಗದದ ಮೇಲೆ ಉದುರಿಸಿ ಎಷ್ಟು ಕಾಳು ಬೀಳುತ್ತವೆಂದು ನೋಡಿ, ಆಮೇಲೆ ತೊಟ್ಟಿಯ ಮೇಲಿಟ್ಟು ತೇವದ ಪರಿಣಾಮ ನೋಡಿ. ಪುಡಿಯಾಗುವ ಪದರದಂಥ ಆಹಾರಕ್ಕಿಂತ ಗುಂಡಗಿನ ಸಣ್ಣ ಕಾಳುಗಳು ಯಂತ್ರಕ್ಕೆ ಒಗ್ಗುತ್ತವೆ. ಬ್ಯಾಟರಿ ಹೊಸದಿರಲಿ. ಪರೀಕ್ಷೆಯಲ್ಲಿ ಯಂತ್ರ ಒಮ್ಮೆ ಎಡವಿದರೂ ಅದನ್ನು ನಂಬಿ ಹೋಗಬೇಡಿ; ಕೆಟ್ಟ ಯಂತ್ರಕ್ಕಿಂತ ಉಪವಾಸ ಮೇಲು.

ಪ್ರಶ್ನೆ: ನಾವಿಲ್ಲದಾಗ ದೀಪ, ಹೀಟರ್ ಮತ್ತು ಫಿಲ್ಟರ್ ಆರಿಸಿ ಹೋಗಬೇಕೇ? ವಿದ್ಯುತ್ ಹೋದರೆ ಮೀನಿನ ಗತಿಯೇನು?

ಉತ್ತರ: ಫಿಲ್ಟರನ್ನು ಆರಿಸಲೇಬಾರದು. ಅದರೊಳಗಿನ ಬ್ಯಾಕ್ಟೀರಿಯಗಳಿಗೆ ಆಮ್ಲಜನಕವಿರುವ ನೀರು ಸದಾ ಹರಿಯುತ್ತಿರಬೇಕು. ಕೆಲವು ಗಂಟೆ ವಿದ್ಯುತ್ ಇಲ್ಲದಿದ್ದರೆ ಏನೂ ಆಗದು. ಗಾಳಿಯನ್ನೇ ಉಸಿರಾಡಬಲ್ಲ ಬೆಟ್ಟಾ ಮೀನು ಈ ವಿಷಯದಲ್ಲಿ ಇತರ ಸಾಕುಮೀನುಗಳಿಗಿಂತ ಅದೃಷ್ಟಶಾಲಿ. ದೀಪಕ್ಕೆ ಟೈಮರ್ ಹಾಕಿ ದಿನಕ್ಕೆ ಏಳೆಂಟು ಗಂಟೆ ಉರಿಯುವಂತೆ ಮಾಡಿ. ಹಗಲಿರುಳು ಉರಿದರೆ ಪಾಚಿ ಬೆಳೆಯುತ್ತದೆ, ಮೀನಿಗೂ ವಿಶ್ರಾಂತಿ ಇರುವುದಿಲ್ಲ. ಜೀವಂತ ಗಿಡಗಳಿಲ್ಲದ ತೊಟ್ಟಿಯಾದರೆ ಕೋಣೆಯೊಳಗೆ ಬರುವ ಹಗಲಿನ ಬೆಳಕೇ ಸಾಕು.

ಹೀಟರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಈ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಕೋಣೆಯೇ ಅಷ್ಟು ಬೆಚ್ಚಗಿದ್ದರೆ ಹೀಟರಿನ ಅಗತ್ಯವಿಲ್ಲ. ಬೇಕಾಗಿರುವಲ್ಲಿ ಉಷ್ಣತೆಯನ್ನು ತಾನಾಗಿ ನಿಯಂತ್ರಿಸುವ ಥರ್ಮೋಸ್ಟಾಟ್ ಇರುವುದನ್ನೇ ಬಳಸಿ, ಮತ್ತು ಅದು ಪೂರ್ತಿ ನೀರಿನಲ್ಲಿ ಮುಳುಗಿರುವಂತೆ ತಗ್ಗಿನಲ್ಲಿ ಕೂರಿಸಿ. ಹತ್ತು ದಿನದಲ್ಲಿ ನೀರು ಆವಿಯಾಗಿ ಇಳಿದು ಹೀಟರಿನ ಮೇಲ್ಭಾಗ ಗಾಳಿಗೆ ತೆರೆದುಕೊಂಡರೆ, ಕಾದ ಗಾಜು ಒಡೆಯುವ ಸಂಭವವುಂಟು. ಆವಿಯಾಗುವುದನ್ನು ಮುಚ್ಚಳ ತಡೆಯುತ್ತದೆ. ಮುಚ್ಚಳ ಇನ್ನೊಂದು ಕಾರಣಕ್ಕೂ ಬೇಕು: ಬೆಟ್ಟಾ ಮೀನು ಚೆನ್ನಾಗಿ ಜಿಗಿಯುತ್ತದೆ, ಹೊರಬಿದ್ದ ಮೀನನ್ನು ಎತ್ತಿ ಹಾಕಲು ಮನೆಯಲ್ಲಿ ಯಾರೂ ಇರುವುದಿಲ್ಲ. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಮೂರು ಅಂಗುಲ ಜಾಗ ಇರಲಿ, ಮುಚ್ಚಳದಲ್ಲಿ ಗಾಳಿಯಾಡಲು ರಂಧ್ರಗಳಿರಲಿ. ಮೇಲೆ ಬಂದು ಗಾಳಿ ಕುಡಿಯಲಾಗದಿದ್ದರೆ ಈ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಮನೆ ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಬಿಸಿಲು ಬೀಳದ ಮೂಲೆಯಲ್ಲಿ ತೊಟ್ಟಿ ಇದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಮನೆ ಖಾಲಿಯಿರುವಾಗ ಜಿರಲೆ ಮತ್ತು ಸೊಳ್ಳೆಗೆ ಔಷಧಿ ಸಿಂಪಡಿಸಿ ಹೋಗಬೇಕೆಂದಿದ್ದೇವೆ. ಮೀನಿಗೆ ತೊಂದರೆಯೇ?

ಉತ್ತರ: ದಯವಿಟ್ಟು ಬೇಡ. ಮನೆಗಳಲ್ಲಿ ಬಳಸುವ ಅನೇಕ ಕೀಟನಾಶಕಗಳಲ್ಲಿ ಪೈರೆಥ್ರಾಯ್ಡ್ ಎಂಬ ವರ್ಗದ ರಾಸಾಯನಿಕಗಳಿರುತ್ತವೆ. ಮನುಷ್ಯರಿಗೆ ಅವುಗಳ ಅಪಾಯ ಕಡಿಮೆಯಾದರೂ ಮೀನುಗಳಿಗೆ ಅತ್ಯಲ್ಪ ಪ್ರಮಾಣದಲ್ಲೇ ಮಾರಕ. ಸಿಂಪಡಿಸಿದ ಸಣ್ಣ ಹನಿಗಳು ನೀರಿನ ಮೇಲೆ ಬಂದು ಕೂರುತ್ತವೆ. ಸ್ಪಾಂಜ್ ಫಿಲ್ಟರಿಗೆ ಗಾಳಿ ಒದಗಿಸುವ ಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿನೊಳಕ್ಕೆ ತಳ್ಳುತ್ತಿರುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು. ಸಿಂಪಡಿಸಲೇಬೇಕಾದ ಅನಿವಾರ್ಯತೆಯಿದ್ದರೆ ಮೀನನ್ನು ಅದರ ತೊಟ್ಟಿಯ ಸಮೇತ ಬೇರೆ ಮನೆಗೆ ಸಾಗಿಸಿದ ಮೇಲೆಯೇ ಆ ಕೆಲಸ ಮಾಡಿಸಿ.

ಪ್ರಶ್ನೆ: ಒಂದು ತಿಂಗಳು ಊರಲ್ಲಿರುವುದಿಲ್ಲ. ಮೀನನ್ನು ಜೊತೆಗೆ ಕೊಂಡೊಯ್ಯಬಹುದೇ, ಸ್ನೇಹಿತರ ಮನೆಯಲ್ಲಿ ಬಿಡಬಹುದೇ?

ಉತ್ತರ: ಸ್ನೇಹಿತರ ಮನೆಯೇ ಸರಿ. ಪ್ರವಾಸದುದ್ದಕ್ಕೂ ಡಬ್ಬಿಯಲ್ಲಿ ಕುಲುಕುತ್ತ ದಿನಕ್ಕೊಂದು ಕಡೆಯ ನೀರಿಗೆ ಹೊಂದಿಕೊಳ್ಳುವುದು ಮೀನಿಗೆ ಹಿಂಸೆ. ಸಾಗಿಸುವ ಹಿಂದಿನ ದಿನ ಆಹಾರ ಹಾಕದಿದ್ದರೆ ದಾರಿಯಲ್ಲಿ ನೀರು ಹೊಲಸಾಗುವುದಿಲ್ಲ. ಮುಚ್ಚಳವುಳ್ಳ ಡಬ್ಬಿಯಲ್ಲಿ ಮೂರನೇ ಒಂದು ಭಾಗ ಅದರ ತೊಟ್ಟಿಯ ನೀರು, ಉಳಿದದ್ದು ಗಾಳಿ. ಸುತ್ತಲೂ ಬಟ್ಟೆ ಸುತ್ತಿದರೆ ಕತ್ತಲಾಗಿ ಮೀನು ಶಾಂತವಾಗಿರುತ್ತದೆ, ನೀರಿನ ಬಿಸುಪೂ ಉಳಿಯುತ್ತದೆ. ತೊಟ್ಟಿಯನ್ನೂ ಹಳೆಯ ನೀರಿನಲ್ಲಿ ಕೆಲವು ಲೀಟರನ್ನೂ ಜೊತೆಗೊಯ್ಯಿರಿ. ಸ್ಪಾಂಜನ್ನು ಮಾತ್ರ ಒಣಗಲು ಬಿಡದೆ ಅದೇ ನೀರಿನಲ್ಲಿ ಮುಳುಗಿಸಿ ಸಾಗಿಸಿ. ಅಲ್ಲಿ ಬೇರೆ ಬೆಟ್ಟಾ ಮೀನಿದ್ದರೆ ಎರಡನ್ನೂ ಒಂದೇ ತೊಟ್ಟಿಗೆ ಬಿಡಬಾರದೆಂದು ಬೇರೆ ಹೇಳಬೇಕಿಲ್ಲ. ಎರಡು ತೊಟ್ಟಿಗಳು ಒಂದಕ್ಕೊಂದು ಎದುರಾಗಿದ್ದರೂ ನಡುವೆ ಒಂದು ರಟ್ಟು ಇಡಿ. ಇಲ್ಲವಾದರೆ ಮೀನುಗಳು ದಿನವಿಡೀ ಕಿವಿರು ಬಿಚ್ಚಿ ಸೆಣಸುತ್ತ ಬಳಲುತ್ತವೆ. ತಿಂಗಳ ಕಾಲ ನೋಡಿಕೊಳ್ಳುವವರಿಗೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುವುದನ್ನು ಕಲಿಸಲೇಬೇಕು.

ಪ್ರಶ್ನೆ: ನಮ್ಮದು ಫಿಲ್ಟರ್ ಇಲ್ಲದ, ಮೂರು ಲೀಟರಿನ ಗಾಜಿನ ಬಟ್ಟಲು. ಐದು ದಿನ ಬಿಟ್ಟು ಹೋಗಬಹುದೇ?

ಉತ್ತರ: ಅಷ್ಟು ಕಡಿಮೆ ನೀರಿನಲ್ಲಿ, ಅಮೋನಿಯವನ್ನು ತೆಗೆಯುವ ಏರ್ಪಾಡಿಲ್ಲದೆ, ಐದು ದಿನ ದೀರ್ಘವೇ. ಹೊರಡುವ ದಿನ ಅರ್ಧ ನೀರು ಬದಲಾಯಿಸಿ, ಏನನ್ನೂ ತಿನ್ನಿಸದೆ ಹೋದರೆ ಎರಡು ಮೂರು ದಿನ ನಡೆದೀತು. ಐದು ದಿನಕ್ಕೆ ಯಾರಾದರೊಬ್ಬರು ನಡುವೆ ಬಂದು, ನೀವು ಸಿದ್ಧಪಡಿಸಿಟ್ಟ ನೀರಿನಿಂದ ಮತ್ತೊಮ್ಮೆ ಬದಲಾಯಿಸಬೇಕು. ಹಿಂತಿರುಗಿದ ಮೇಲೆ ಫಿಲ್ಟರ್ ಇರುವ ಇಪ್ಪತ್ತು ಲೀಟರಿನ ತೊಟ್ಟಿಗೆ ಅದನ್ನು ವರ್ಗಾಯಿಸುವ ಬಗ್ಗೆ ಗಂಭೀರವಾಗಿ ಯೋಚಿಸಿ.

ಪ್ರಶ್ನೆ: ಎಂಟು ದಿನದ ನಂತರ ಮನೆಗೆ ಬಂದಾಗ ಮೀನು ಮಂಕಾಗಿ ತಳದಲ್ಲಿತ್ತು, ನೀರು ಸ್ವಲ್ಪ ಮಬ್ಬಾಗಿತ್ತು. ಹಸಿದಿದೆಯೆಂದು ಕಾಳು ಹಾಕಿದೆವು, ತಿನ್ನಲಿಲ್ಲ. ಈಗ ಏನು ಮಾಡಬೇಕು?

ಉತ್ತರ: ತಿನ್ನದೆ ಉಳಿದ ಕಾಳುಗಳನ್ನು ಮೊದಲು ತೆಗೆದುಬಿಡಿ, ಇವತ್ತು ಮತ್ತೆ ಆಹಾರ ಹಾಕಬೇಡಿ. ನೀರಿನ ಉಷ್ಣತೆ ನೋಡಿ. ಹೀಟರ್ ಕೆಟ್ಟು ನೀರು 20 ಡಿಗ್ರಿಗೆ ಇಳಿದಿದ್ದರೆ ಮಂಕಾಗಿರಲು ಅಷ್ಟೇ ಕಾರಣ ಸಾಕು, ಆಗ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಬೆಚ್ಚಗಾಗಿಸಬೇಕು. ಉಷ್ಣತೆ ಸರಿಯಿದ್ದರೆ ಅಮೋನಿಯ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿ. ಎರಡೂ ಸೊನ್ನೆಯಿರಬೇಕು. ಪರೀಕ್ಷಿಸುವ ಸಲಕರಣೆ ಇಲ್ಲದಿದ್ದರೂ, ಮಬ್ಬು ನೀರನ್ನು ಕಂಡ ಮೇಲೆ ಕಾಯುವುದು ಬೇಡ: ಮೂರನೇ ಒಂದು ಭಾಗ ನೀರನ್ನು ಈಗಲೇ, ಅದೇ ಬಿಸುಪಿನ ಕ್ಲೋರಿನ್ ರಹಿತ ನೀರಿನಿಂದ ಬದಲಾಯಿಸಿ, ನಾಳೆಯೂ ನಾಡಿದ್ದೂ ಕಾಲು ಭಾಗದಂತೆ ಬದಲಾಯಿಸಿ. ಒಮ್ಮೆಲೇ ಪೂರ್ತಿ ನೀರು ಚೆಲ್ಲಿ ಹೊಸದು ತುಂಬಬೇಡಿ. ಬಳಲಿದ ಮೀನಿಗೆ ಆ ದಿಢೀರ್ ಬದಲಾವಣೆಯೇ ಪೆಟ್ಟಾಗುತ್ತದೆ. ಸ್ಪಾಂಜಿನಲ್ಲಿ ಕಸ ಕಟ್ಟಿ ಗುಳ್ಳೆ ಬರುವುದು ಕಡಿಮೆಯಾಗಿದ್ದರೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದನ್ನು ಮೆಲ್ಲಗೆ ಹಿಂಡಿ. ಮೀನು ತಾನಾಗಿ ಮೇಲೆ ಬಂದು ನಿಮ್ಮನ್ನು ಗಮನಿಸತೊಡಗಿದ ಮೇಲೆ ಒಂದು ಕಾಳು ಹಾಕಿ ನೋಡಿ, ತಿಂದರೆ ಮರುದಿನ ಎರಡು. ಮೂರು ದಿನವಾದರೂ ಚೇತರಿಕೆ ಕಾಣದಿದ್ದರೆ, ಅಥವಾ ಹುರುಪೆಗಳು ಕೆದರಿದ್ದರೆ, ಮೈಮೇಲೆ ಬಿಳಿ ಚುಕ್ಕೆ ಕಾಣಿಸಿದರೆ, ಊಹೆಯಿಂದ ಔಷಧಿ ಸುರಿಯದೆ ಮೀನಿನ ಚಿತ್ರ ಮತ್ತು ನೀರಿನ ಪರೀಕ್ಷೆಯ ವಿವರಗಳೊಂದಿಗೆ ಮೀನುಗಳ ಚಿಕಿತ್ಸೆ ಬಲ್ಲ ಪಶುವೈದ್ಯರನ್ನು ಕಾಣಿ.